ಮೂರು ತಾಲೂಕುಗಳ ಶ್ವಾಸಶಾಸ್ತ್ರ: ಒಂದು ಅಪೂರ್ಣ ಮಹಾಪ್ರಬಂಧ

ಮನುಷ್ಯ ದಿನಕ್ಕೆ 21,600 ಸಲ ಉಸಿರಾಡುತ್ತಾನೆ ಎಂಬುದು ಯೋಗಗ್ರಂಥಗಳ ಹಳೆಯ ಲೆಕ್ಕ. ನಿಮಿಷಕ್ಕೆ ಹದಿನೈದು ಬಂತು. ಈ ಲೆಕ್ಕ ಹಾಕಿದವರು ಮಹಾರಾಷ್ಟ್ರದ ಗಡಿ ತಾಲೂಕು ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾದವರಲ್ಲ ಎಂಬುದು ಮೇಲ್ನೋಟಕ್ಕೇ ಸಿದ್ಧ. ಅಲ್ಲಿ ಬಸ್ಸು ಕಾಣುವ ತನಕ ಉಸಿರಿನದು ಒಂದು ಲೆಕ್ಕ, ಬಂದ ಬಸ್ಸು ನಿಲ್ಲದೆ ಮುಂದೆ ಹೋದಾಗ ಇನ್ನೊಂದು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಮೇಲೆ ಮತ್ತೊಂದು. ಮೂರನ್ನೂ ಕೂಡಿಸಿ ಭಾಗಿಸಿದರೆ ಬರುವ ಸರಾಸರಿಯಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ಸಂಶೋಧನೆಗೆ ಇದಕ್ಕಿಂತ ಯೋಗ್ಯ ವಿಷಯ ಇನ್ನೆಲ್ಲಿ ಸಿಗಬೇಕು?

ಈ ವಿಷಯಕ್ಕೆ ತಮ್ಮನ್ನು ತೆತ್ತುಕೊಂಡ ಪ್ರಬಂಧಕಾರರು ಕಲಬುರಗಿ ಕಡೆಯವರು. ಹೆಸರು ಬೇಡ, ಪ್ರಬಂಧ ಇನ್ನೂ ಎಲ್ಲಿಯೂ ಸಲ್ಲಿಕೆಯಾಗಿಲ್ಲ. ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು, ಕೊರಳಿಗೆ ಮಫ್ಲರ್, ಮೊಬೈಲಿನಲ್ಲಿ ಸ್ಟಾಪ್‌ವಾಚು. ಅದೇ ಮೊಬೈಲಿನಲ್ಲಿ ಒಂದು ಆ್ಯಪ್ ಕೂಡ ಇತ್ತು. ದಿನಕ್ಕೆ ಮೂರು ಸಲ ಗುಡಿಯ ಗಂಟೆಯಂತೆ ಬಾರಿಸಿ, ‘ಈಗ ಉಸಿರಾಡಿ’ ಎಂದು ಹೆಣ್ಣುದನಿಯಲ್ಲಿ ಅಪ್ಪಣೆ ಕೊಡುತ್ತಿತ್ತು. ಇಂಥ ಅಪ್ಪಣೆಯಿಲ್ಲದೆ ನಮ್ಮ ಹಿರಿಯರು ಅಷ್ಟು ವರ್ಷ ಹೇಗೆ ಬದುಕಿದ್ದರು ಎಂಬುದು ಪ್ರಬಂಧದ ಮೊದಲ ಪ್ರಶ್ನೆ. ಉತ್ತರದ ಜಾಗ ಖಾಲಿ ಇದೆ.

ಹೊರಜಗತ್ತಿನ ಸಾಹಿತ್ಯ ಸಮೀಕ್ಷೆ ಚಿಕ್ಕದು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್‌ರಿನ್-ಯೋಕು’ ಎಂಬ ಮಾತನ್ನು ಹುಟ್ಟುಹಾಕಿತು. ಕಾಡಿನಲ್ಲಿ ಮೀಯುವುದು ಎಂದರ್ಥ. ನೀರು ಬೇಡ, ಸಾಬೂನು ಬೇಡ, ಮರಗಳ ನಡುವೆ ಸುಮ್ಮನೆ ನಡೆದಾಡಿದರಾಯಿತು. ಇಂಗ್ಲೆಂಡಿನ ಸುಮಾರು ಇಪ್ಪತ್ತು ಸಾವಿರ ಜನರ ಮಾಹಿತಿ ಜಾಲಾಡಿದ ತಂಡವೊಂದು, ವಾರಕ್ಕೆ 120 ನಿಮಿಷ ಹಸಿರಿನಲ್ಲಿ ಕಳೆಯುವವರಲ್ಲಿ ಆರೋಗ್ಯ, ನೆಮ್ಮದಿ ಎರಡೂ ಹೆಚ್ಚೆಂದು 2019ರಲ್ಲಿ ಬರೆಯಿತು. ಪ್ರಬಂಧಕಾರರು ಈ ಅಂಕಿಯನ್ನು ಉಮರ್ಗಾ ತಾಲೂಕಿನ ರೈತನಿಗೆ ಹಚ್ಚಿ ನೋಡಿದರು. ಅವನ 120 ನಿಮಿಷ ಸೋಮವಾರ ಬೆಳಿಗ್ಗೆ ಎಂಟೂವರೆಗೇ ಮುಗಿದುಹೋಗುತ್ತದೆ. ಆ ಲೆಕ್ಕದಲ್ಲಿ ಅವನು ಭೂಮಂಡಲದಲ್ಲೇ ಅತಿ ಶಾಂತ ಪ್ರಾಣಿಯಾಗಬೇಕಿತ್ತು.

ಆಗಿಲ್ಲ. ಯಾಕೆ ಆಗಿಲ್ಲ ಎಂಬುದರ ಸುತ್ತ ಉಳಿದ ಪುಟಗಳು ತುಂಬಿವೆ.

ವಿದ್ವತ್ತಿನ ರೂಢಿಯಂತೆ ಮೊದಲು ಮೂರು ತಾಲೂಕುಗಳ ಹೆಸರುಗಳನ್ನು ಒಡೆಯಬೇಕು. ಒಡೆದದ್ದನ್ನು ಮತ್ತೆ ಜೋಡಿಸಬೇಕೆಂಬ ಕಡ್ಡಾಯವೇನಿಲ್ಲ. ಉಮರ್ಗಾ ಎಂದರೆ ‘ಹೂಂ-ಮಾರ್ಗ’: ಹೂಂ ಎಂದು ಉಸಿರು ಒಳಗೆಳೆದುಕೊಳ್ಳುವ ದಾರಿ, ಅಂದರೆ ಪೂರಕ. ನಿಲಂಗಾ ಎಂದರೆ ‘ನಿಲ್ಲು-ಅಂಗ’: ಉಸಿರೂ ಅಂಗವೂ ನಿಂತ ಸ್ಥಿತಿ, ಕುಂಭಕ. ಉದಗೀರವಂತೂ ಹಾಡಹಗಲಿನಷ್ಟು ಸ್ಪಷ್ಟ: ‘ಉದ್ಗಾರ’, ಉಸಿರು ಹೊರಬಿಡುವ ರೇಚಕ. ಉದಗೀರದ ಮೂಲ ಉದಯಗಿರಿ, ಕೋಟೆಯೊಳಗೆ ನೆಲದಡಿ ಉದಯಗಿರಿ ಬಾಬಾನ ಸಮಾಧಿಯಿದೆ ಎಂದು ಆ ಊರಿನ ಸಾಲಿ ಹುಡುಗನೂ ಹೇಳುತ್ತಾನೆ. ಪ್ರಬಂಧಕಾರರಿಗೂ ಅದು ಗೊತ್ತು. ಆದರೆ ಖರೆ ವ್ಯುತ್ಪತ್ತಿಯಿಂದ ಒಂದು ಸಾಲು ಹುಟ್ಟಿದರೆ ಸುಳ್ಳು ವ್ಯುತ್ಪತ್ತಿಯಿಂದ ಮೂರು ಅಧ್ಯಾಯ ಹುಟ್ಟುತ್ತವೆ.

ಮೊದಲಿಗೆ ಪೂರಕ. ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೇ ಹೆದ್ದಾರಿ ಉಮರ್ಗಾವನ್ನು ಸೀಳಿಕೊಂಡು ಹೋಗುತ್ತದೆ. ಪೂರ್ವಕ್ಕೆ ತಲಮೋಡ ದಾಟಿದರೆ ಕರ್ನಾಟಕ. ಲಾರಿಗಳ ಸಾಲು ರಾತ್ರಿ ಹಗಲು ಕಡಿಯುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಸೋಯಾ ಒಕ್ಕುವ ಯಂತ್ರದ ಧೂಳು, ಉಳಿದ ದಿನಗಳಲ್ಲಿ ಡೀಸೆಲ್ಲಿನ ಹೊಗೆ, ಎರಡೂ ಇಲ್ಲದ ಗಳಿಗೆಯಲ್ಲಿ ಮೆಣಸಿನಕಾಯಿ ಕರಿಯುವ ಘಾಟು. ಇಂಥಲ್ಲಿ ಹೆದ್ದಾರಿಯ ಬದಿಗೆ ನಿಂತು, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಪ್ರಬಂಧಕಾರರು ಶಾಸ್ತ್ರೋಕ್ತವಾಗಿ ಒಂದು ದೀರ್ಘ ಪೂರಕ ಎಳೆದರು. ಆಮೇಲಿನ ಹನ್ನೊಂದು ನಿಮಿಷದ ಕೆಮ್ಮನ್ನು ನೋಟುಬುಕ್ಕಿನಲ್ಲಿ ‘ಪ್ರತಿಕ್ರಿಯೆ’ ಎಂಬ ಕಾಲಮಿನಲ್ಲಿ ಬರೆದುಕೊಂಡಿದ್ದಾರೆ. ಚಹಾದಂಗಡಿಯ ಕಾಕಾ ಒಂದು ಗ್ಲಾಸು ನೀರು ಕೊಟ್ಟು ಹೇಳಿದ: “ಸಾಹೇಬ್ರ, ಇಲ್ಲಿ ಸಣ್ಣ್ ಸಣ್ಣ್ ಉಸರೇ ಛಲೋ ನೋಡ್ರಿ. ದೊಡ್ಡ್ ಉಸರು ಬೇಕಂದ್ರ ಹೊಲಕ್ಕ ಹೋಗ್ಬೇಕು. ಯಳ್ಳಮಾಸಿಗಿ ಬರ್ರಿ ನಮ್ಮ್ ಹೊಲಕ್ಕ.” ಇಡೀ ಸಂಶೋಧನೆಯ ಮುಖ್ಯ ಫಲ ಈ ಮೂರು ವಾಕ್ಯದಲ್ಲಿತ್ತು ಎಂಬುದು ಅವರಿಗೆ ಹೊಳೆದದ್ದು ಬಹಳ ತಡವಾಗಿ.

ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಉಪಶಾಖೆ ಸಿಕ್ಕಿತು. ಈ ಮೂರೂ ತಾಲೂಕುಗಳಲ್ಲಿ ಮನೆಯೊಳಗೆ ಕನ್ನಡ, ಸಾಲಿಯಲ್ಲಿ ಮರಾಠಿ, ಸಂತೆಯಲ್ಲಿ ದಖ್ಖನಿ ನಡೆಸುವ ಮನೆತನಗಳಿವೆ. ಹಾಗಾದರೆ ಉಸಿರಿನ ಭಾಷೆ ಯಾವುದು? ಎಪ್ಪತ್ತರ ಹತ್ತಿರದ ಆಯಿಯೊಬ್ಬಳು ಎಸ್‌ಟಿ ಬಸ್ಸು ಹತ್ತುವುದನ್ನು ಅವರು ಕಣ್ಣಾರೆ ಕಂಡರು. ಮೊದಲ ಮೆಟ್ಟಿಲಿಗೆ ‘ಆಯಿ ಗ’ ಎಂದಳು. ಎರಡನೆಯದಕ್ಕೆ ಮೊಣಕಾಲು ಹಿಡಿದು ‘ಯವ್ವಾ’ ಎಂದಳು. ಚೀಲ ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕೂತ ಮೇಲೆ ಬಂದದ್ದು ಮಾತೇ ಅಲ್ಲ, ಬರಿಯ ‘ಉಸ್ಸ್’. ಗಡಿ ತಂಟೆಗೆಂದು 1966ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಮಹಾಜನ ಆಯೋಗ ರಾಶಿ ಕಾಗದ ನೋಡಿತೇ ಹೊರತು ಯಾರನ್ನೂ ಬಸ್ಸಿನ ಮೆಟ್ಟಿಲು ಹತ್ತಿಸಿ ನೋಡಲಿಲ್ಲ. ನೋಡಿದ್ದರೆ ಮೊದಲ ಮೆಟ್ಟಿಲು ಮಹಾರಾಷ್ಟ್ರಕ್ಕೆ, ಎರಡನೆಯದು ಕರ್ನಾಟಕಕ್ಕೆ, ಸೀಟು ಕೇಂದ್ರಾಡಳಿತಕ್ಕೆ ಎಂದು ಬರೆಯಬೇಕಾಗುತ್ತಿತ್ತು. ನಿಲಂಗಾ, ಉದಗೀರ ಎರಡೂ 1956ರ ತನಕ ಬೀದರ್ ಜಿಲ್ಲೆಯ ತಾಲೂಕುಗಳೇ. ಆ ನವೆಂಬರಿನಲ್ಲಿ ಬೀದರ್ ಮೈಸೂರಿಗೆ ಬಂತು, ಇವೆರಡು ಮುಂಬಯಿ ರಾಜ್ಯದ ಉಸ್ಮಾನಾಬಾದಿಗೆ (ಈಗಿನ ಧಾರಾಶಿವ) ಹೋದವು, 1982ರಲ್ಲಿ ಅಲ್ಲಿಂದ ಒಡೆದ ಲಾತೂರ್ ಜಿಲ್ಲೆಗೆ ಸೇರಿದವು. ಇಷ್ಟೆಲ್ಲ ಆದರೂ ‘ಯವ್ವಾ’ ಇದ್ದಲ್ಲೇ ಇದೆ.

ಕುಂಭಕಕ್ಕೆ ನಿಲಂಗಾದಲ್ಲಿ ಅಧಿದೇವತೆಯೇ ಇದ್ದಾನೆ: ನೀಲಕಂಠೇಶ್ವರ. ವಿಷ ಕುಡಿದು ಒಳಗೂ ಬಿಡದೆ ಹೊರಗೂ ಬಿಡದೆ ಗಂಟಲಲ್ಲಿ ಹಿಡಿದವನು. ಕುಂಭಕ ಎಂದರೆ ಅದೇ ತಾನೆ! ಊರೊಳಗಿನ ಈ ಹಳೆಯ ಕಲ್ಲುಗುಡಿಯನ್ನು ಅಲ್ಲಿನವರು ಹೇಮಾಡಪಂತಿ ಎನ್ನುತ್ತಾರೆ, ನಮ್ಮವರು ಹೋಗಿ ಚಾಲುಕ್ಯರದು ಎನ್ನುತ್ತಾರೆ. ನೀಲಕಂಠ ಏನೂ ಅನ್ನುವುದಿಲ್ಲ. ಉಸಿರು ಹಿಡಿದಿದ್ದಾನೆ.

ಜಿಲ್ಲೆಗೆ ಜಿಲ್ಲೆಯೇ ಉಸಿರು ಹಿಡಿದ ಕಾಲಗಳಿವೆ. 2016ರ ಮಾರ್ಚಿನಲ್ಲಿ ಲಾತೂರಿನ ನೀರಿನ ಟಾಕಿಗಳ ಸುತ್ತ 144ನೇ ಕಲಮು ಜಾರಿಯಾಯಿತು; ಕೊಡ ಹಿಡಿದು ಗುಂಪು ಸೇರುವುದು ಅಪರಾಧ. ಏಪ್ರಿಲ್‌ನಲ್ಲಿ ಮೀರಜಿನಿಂದ ‘ಜಲದೂತ’ ರೈಲು ಬಂತು. ಮೊದಲ ಸಲ ಹತ್ತು ಟ್ಯಾಂಕರ್ ಡಬ್ಬಿ, ಐದು ಲಕ್ಷ ಲೀಟರು. ಆಮೇಲಾಮೇಲೆ ಐವತ್ತು ಡಬ್ಬಿ, ಇಪ್ಪತ್ತೈದು ಲಕ್ಷ. ಎಂಜಿನ್ನು ಕೂಗಿದ ಕೂಡಲೇ ಊರು ಬಿಟ್ಟ ಉಸಿರನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಕುಂಭಕದ ಕಿರಿಯ ಸಾಧಕರೆಂದರೆ ವಿದ್ಯಾರ್ಥಿಗಳು. ‘ಲಾತೂರ್ ಪ್ಯಾಟರ್ನ್’ ಎಂಬ ಓದಿನ ಪದ್ಧತಿ ಮಹಾರಾಷ್ಟ್ರದ ಮನೆಮನೆಗೂ ಗೊತ್ತು. ಡಾಕ್ಟರಾಗಬೇಕಾದ ಮಕ್ಕಳು ಸುತ್ತಲ ತಾಲೂಕುಗಳಿಂದ ಬಂದು ಲಾತೂರಿನ ಹಾಸ್ಟೆಲು, ಬಾಡಿಗೆ ಖೋಲಿಗಳಲ್ಲಿ ತುಂಬಿಕೊಳ್ಳುತ್ತಾರೆ. ಅಂಥ ಒಬ್ಬ ಹುಡುಗನಿಗೆ ಪ್ರಬಂಧಕಾರರು ಜಗತ್ಪ್ರಸಿದ್ಧ ಚೌಕ ಉಸಿರಾಟ ಕಲಿಸಲು ಹೋದರು: ನಾಲ್ಕು ಎಣಿಸುತ್ತ ಒಳಗೆ, ನಾಲ್ಕು ಎಣಿಸುತ್ತ ತಡೆ, ನಾಲ್ಕು ಎಣಿಸುತ್ತ ಹೊರಗೆ, ಮತ್ತೆ ನಾಲ್ಕು ಎಣಿಸುತ್ತ ತಡೆ. ಹುಡುಗ ಶ್ರದ್ಧೆಯಿಂದ ಕೇಳಿ, ‘ಸರ್, ತಪ್ಪಿದ್ರ ಒಂದ್ ಕಳೀಬೇಕೇನು?’ ಎಂದ. ನೀಟ್ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ವಜಾ. ಎಣಿಕೆಯಿಂದ ನೆಮ್ಮದಿ ಸಿಗಬೇಕಾದರೆ ಎಣಿಸುವವನ ತಲೆಯಲ್ಲಿ ಬೇರೆ ಎಣಿಕೆ ಇರಬಾರದು ಎಂದು ಪ್ರಬಂಧಕಾರರು ಅಂಚಿನಲ್ಲಿ ಗೀಚಿದ್ದಾರೆ.

ಇಲ್ಲಿ ಪ್ರಬಂಧ ದನಿ ತಗ್ಗಿಸುತ್ತದೆ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ. ಹಿಂದಿನ ರಾತ್ರಿ ಅನಂತ ಚತುರ್ದಶಿಯ ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಲಾತೂರ್ ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿತು, 6.2ರ ತೀವ್ರತೆ. ಔಸಾ, ನಿಲಂಗಾ, ಉಮರ್ಗಾ ಸೀಮೆಯ ಹಳ್ಳಿಗಳಲ್ಲಿ ಮನೆ ಎಂದರೆ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಮೊಳಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ಬಿಸಿಲಿಗೆ ತಂಪಾಗಿರಲೆಂದು ವರ್ಷ ವರ್ಷ ಮೇಲೇರಿಸಿದ ಮಣ್ಣು ಆ ರಾತ್ರಿ ಮಲಗಿದವರ ಮೇಲೆ ಬಂತು. ಸಾವಿರಾರು ಜನ ಹೋದರು. ಐವತ್ತೆರಡು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಉಳಿದವರು ಹೊಲದಲ್ಲಿ, ಬಯಲಲ್ಲಿ ಮಲಗಿದರು. ಪ್ರಕೃತಿಯ ಮಡಿಲು ಎಂದು ಯಾರೂ ಅದನ್ನು ಕರೆಯಲಿಲ್ಲ. ಸೂರಿನ ಕೆಳಗೆ ಉಸಿರಾಡಲು ಹೆದರಿ ಬಂದಿದ್ದರು, ಅಷ್ಟೇ. ಪ್ರಕೃತಿ ಎಂಬ ಪದವನ್ನು ಈ ಸೀಮೆಯಲ್ಲಿ ಬಳಸುವವರು ಈ ಒಂದು ತಾರೀಖನ್ನು ಬಗಲಲ್ಲಿಟ್ಟುಕೊಂಡೇ ಬಳಸಬೇಕು.

ರೇಚಕಕ್ಕೆ ಬರೋಣ. ಉದಗೀರದ ಕೋಟೆ ನೋಡಿದವರಿಗೆ 1760ರ ಫೆಬ್ರವರಿ ನೆನಪಾಗದೆ ಇರದು; ಮರಾಠರ ಸದಾಶಿವರಾವ್ ಭಾವೂ ಅಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿದ. ಗೆದ್ದವನು ನಾಲ್ಕು ದಿನ ಉಸ್ಸಪ್ಪಾ ಎಂದು ಕೂರಬಹುದಿತ್ತು. ಕೂರಲಿಲ್ಲ. ಆ ಗೆಲುವಿನ ಹುರುಪಿನಲ್ಲೇ ಅವನನ್ನು ಉತ್ತರಕ್ಕೆ ಕಳಿಸಿದರು, ಮರುವರ್ಷ ಜನವರಿ 14ಕ್ಕೆ ಪಾಣಿಪತ್ತಿನಲ್ಲಿ ಎಲ್ಲ ಮುಗಿಯಿತು. ಉಸಿರು ಬಿಡದೆ ಮತ್ತೆ ಎಳೆದುಕೊಂಡವರ ಗತಿಗೆ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ಪ್ರಬಂಧಕಾರರ ವಾದ. ಇತಿಹಾಸಕಾರರು ಫಿರಂಗಿ, ಹಸಿವು, ಮೈತ್ರಿ ಎಂದೆಲ್ಲ ಕಾರಣ ಕೊಡುತ್ತಾರೆ. ಅವರಿಗೆ ಯೋಗದ ಗಂಧವಿಲ್ಲ.

ನಿಟ್ಟುಸಿರನ್ನು ನಮ್ಮಲ್ಲಿ ಅಪಶಕುನವೆಂದೇ ನೋಡಿದ್ದಾರೆ. ಮುಸ್ಸಂಜೆಯಲ್ಲಿ ‘ಉಸ್’ ಅಂದ ಸೊಸೆಗೆ ಅತ್ತೆ ಗದರದೆ ಬಿಟ್ಟದ್ದುಂಟೆ? ವಿಜ್ಞಾನ ಸೊಸೆಯ ಪಕ್ಷ. ಮನುಷ್ಯ ತನಗೆ ಗೊತ್ತಿಲ್ಲದೆ ಸುಮಾರು ಐದು ನಿಮಿಷಕ್ಕೊಂದು ಸಲ ದೀರ್ಘ ಉಸಿರು ತೆಗೆಯುತ್ತಾನೆ. ಶ್ವಾಸಕೋಶದಲ್ಲಿ ಮುದುಡಿಕೊಂಡ ಸಣ್ಣ ಗಾಳಿಗೂಡುಗಳು ಅದರಿಂದ ಮತ್ತೆ ಅರಳುತ್ತವೆ. ಇದನ್ನು ನಡೆಸುವ ನರತಂತುಗಳ ಪುಟ್ಟ ಜಾಲವನ್ನು ಇಲಿಗಳ ಮಿದುಳಿನ ಬುಡದಲ್ಲಿ ಹುಡುಕಿ 2016ರಲ್ಲಿ ‘ನೇಚರ್’ ಪತ್ರಿಕೆ ಅಚ್ಚು ಹಾಕಿತು. 2023ರಲ್ಲಿ ಸ್ಟ್ಯಾನ್‌ಫೋರ್ಡಿನವರು ಜನರಿಗೆ ದಿನಾ ಐದು ನಿಮಿಷ, ಒಂದು ತಿಂಗಳು, ಬೇಕೆಂದೇ ನಿಟ್ಟುಸಿರು ಬಿಡಿಸಿದರು. ಸುಮ್ಮನೆ ಉಸಿರನ್ನು ಗಮನಿಸುತ್ತ ಧ್ಯಾನಕ್ಕೆ ಕೂತವರಿಗಿಂತ ಇವರ ಮನಸ್ಸೇ ಹೆಚ್ಚು ಹಗುರಾಗಿತ್ತು. ಗುಟ್ಟು ಉಸಿರು ಬಿಡುವುದರಲ್ಲಿದೆ: ಒಳಗೆಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಿಡುವುದು ಉದ್ದವಾದಷ್ಟೂ ಒಳ್ಳೆಯದು. ಇಟಲಿಯ ಲುಚಾನೊ ಬೆರ್ನಾರ್ಡಿ ಮತ್ತು ಜೊತೆಗಾರರು 2001ರಲ್ಲೇ, ಲ್ಯಾಟಿನ್ನಿನ ಜಪಮಾಲೆ ಪ್ರಾರ್ಥನೆಯಾಗಲಿ ಯೋಗದ ಮಂತ್ರವಾಗಲಿ, ಹೇಳುವವರ ಉಸಿರು ನಿಮಿಷಕ್ಕೆ ಆರರ ಹತ್ತಿರ ಇಳಿಯುತ್ತದೆಂದು ತೋರಿಸಿದ್ದರು. ಯಾವ ದೇವರು ಎಂಬುದು ಶ್ವಾಸಕೋಶಕ್ಕೆ ಮುಖ್ಯವಾಗಲಿಲ್ಲ. ಸಾಲು ಎಷ್ಟು ಉದ್ದ ಎಂಬುದು ಮುಖ್ಯವಾಯಿತು.

ಈ ಸಿದ್ಧಾಂತಕ್ಕೆ ಉದಗೀರದ ಪಕ್ಕದಲ್ಲೇ ಒಂದು ವಿಘ್ನ ಕಟ್ಟಿಹಾಕಿದೆ. ದೇವಣಿ ಎಂಬ ಊರು, ಅದೇ ಹೆಸರಿನ ದನದ ತಳಿ: ಬಿಳಿ ಮೈ, ಕಪ್ಪು ಮಚ್ಚೆ, ಜೋತ ಕಿವಿ. ಮಚ್ಚೆಯ ಮೇಲಿಂದ ವಾನೆರಾ, ಬಾಳಂಕ್ಯಾ, ಶೇವರಾ ಎಂದು ಮೂರು ಬಗೆ ಗುರುತಿಸುತ್ತಾರೆ. ಬೇವಿನ ನೆರಳಲ್ಲಿ ಮೆಲುಕು ಹಾಕುತ್ತ ಮಲಗಿದ ದೇವಣಿ ಎತ್ತಿಗಿಂತ ಶಾಂತ ಮುಖ ಯಾವ ಆಶ್ರಮದಲ್ಲೂ ಸಿಗದು. ಆದರೆ ದನದ ಉಸಿರು ನಿಮಿಷಕ್ಕೆ ಇಪ್ಪತ್ತೈದು, ಮೂವತ್ತರ ಮೇಲೆಯೇ, ಮನುಷ್ಯನಿಗಿಂತ ಜೋರು. ಪ್ರಬಂಧಕಾರರು ಎತ್ತಿನ ಪಕ್ಕೆಯ ಏರಿಳಿತವನ್ನು ಮೂರು ಸಲ ಎಣಿಸಿ, ಮೂರು ಸಲ ಹೊಡೆದುಹಾಕಿ, ಕೊನೆಗೆ ‘ಎತ್ತಿಗೆ ನಾಳಿನ ಚಿಂತೆಯಿಲ್ಲ, ಆದ್ದರಿಂದ ಅಪವಾದ’ ಎಂದು ಬರೆದರು. ಎತ್ತಿನ ಒಡೆಯ ಪಕ್ಕದಲ್ಲೇ ಕೂತಿದ್ದ. ಅವನ ಉಸಿರು ಎಣಿಸಲು ಧೈರ್ಯ ಬರಲಿಲ್ಲ.

ಧೈರ್ಯ ಬಾರದಿರಲು ಕಾರಣವಿದೆ. ಗಿಡಮರ ನೋಡಿದರೆ ನೆಮ್ಮದಿ ಎಂಬ ವಾದದ ಮೂಲಸ್ತಂಭ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆಯಾದ 46 ರೋಗಿಗಳು. ಅರ್ಧ ಜನರ ಕಿಟಕಿಗೆ ಮರ ಕಾಣುತ್ತಿತ್ತು, ಅರ್ಧ ಜನರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ನೋವಿನ ಗಟ್ಟಿ ಔಷಧಿ ಕಡಿಮೆ ತಗೊಂಡರು. ಚೆಂದದ ಕೆಲಸ, ತಕರಾರಿಲ್ಲ. ಆದರೆ ಆ ರೋಗಿಗಳು ಆ ಮರಕ್ಕೆ ಸಾಲ ತಂದು ಗೊಬ್ಬರ ಹಾಕಿರಲಿಲ್ಲ. ಎಲೆ ಉದುರಿದರೆ ಬ್ಯಾಂಕಿನವರು ಮನೆಗೆ ಬರುತ್ತಿರಲಿಲ್ಲ. ಮರಾಠವಾಡಾದಲ್ಲಿ 2015ರ ಒಂದೇ ವರ್ಷ ಸಾವಿರಕ್ಕೂ ಹೆಚ್ಚು ರೈತರು ಪ್ರಾಣ ಕಳೆದುಕೊಂಡರು, ಕಣ್ಣೆದುರಿಗೆ ದಿನವೂ ಹೊಲವಿದ್ದವರು. ಕಿಟಕಿಯಿಂದ ನೋಡುವ ಹಸಿರು ಬೇರೆ, ಮುಗಿಲು ನೋಡಿಕೊಂಡು ಬಿತ್ತುವ ಹಸಿರು ಬೇರೆ.

ಹಾಗಿದ್ದರೂ ಇದೇ ಜನ ವರ್ಷಕ್ಕೊಂದು ದಿನ ಅದೇ ಹೊಲಕ್ಕೆ ಹೊಸ ಬಟ್ಟೆ ಉಟ್ಟು ಹೋಗುತ್ತಾರೆ. ಮಾರ್ಗಶಿರ ಅಮಾವಾಸ್ಯೆ. ಮರಾಠಿಯಲ್ಲಿ ವೇಳ ಅಮಾವಾಸ್ಯಾ, ಆಡುಮಾತಿನಲ್ಲಿ ಯೆಳವಸ. ಗಡಿಯ ಕನ್ನಡದಲ್ಲಿ ಯಳ್ಳಮಾಸಿ, ಗ್ರಂಥಸ್ಥ ಕನ್ನಡದಲ್ಲಿ ಎಳ್ಳಮಾವಾಸ್ಯೆ. ಈ ಒಂದು ಹೆಸರಿನ ಸುತ್ತ ಪಂಡಿತರ ಮೂರು ಪಂಥ. ಎಳ್ಳು ಎನ್ನುವವರದು ಹೋಳಿಗೆಯ ಪಂಥ. ಏಳು ಎನ್ನುವವರದು ಅಂಕಿಯ ಪಂಥ: ಮಳೆಗಾಲ ಮೊದಲಾಗುವ ಜ್ಯೇಷ್ಠದಿಂದ ಎಣಿಸಿ, ಇದು ಏಳನೆಯ ಅಮಾವಾಸ್ಯೆ, ಬೆರಳು ಮಡಿಚಿ ನೋಡಿದರೆ ಲೆಕ್ಕ ತಪ್ಪುವುದಿಲ್ಲ. ವೇಳೆ ಎನ್ನುವವರದು ಮರಾಠಿ ಪಂಥ, ವ್ಯಾಳ್ಯಾ ಅಂತ ನಮ್ಮಲ್ಲೂ ಇದೆಯಲ್ಲ! ಪ್ರಬಂಧಕಾರರು ನಾಲ್ಕನೆಯದೊಂದನ್ನು ಸೇರಿಸಿದ್ದಾರೆ: ಆ ದಿನ ನಸುಕಿನ ನಾಲ್ಕಕ್ಕೆ ಮನೆಯ ಹಿರಿಯಳು ಒಬ್ಬೊಬ್ಬರ ಕಂಬಳಿ ಎಳೆದು ‘ಏಳು, ಏಳು’ ಎನ್ನುವುದರಿಂದ ಇದು ಏಳಮಾವಾಸ್ಯೆ. ನಾಲ್ಕರಲ್ಲಿ ಮೂರು ಕನ್ನಡದಿಂದಲೇ ಬಿಡಿಸಿಕೊಳ್ಳುತ್ತವೆ; ನಾಲ್ಕನೆಯದೊಂದು ಬಿಟ್ಟು ಉಳಿದೆರಡನ್ನು ಮರಾಠಿ ಬರಹಗಾರರೂ ಒಪ್ಪಿ ಬರೆಯುತ್ತಾರೆ.

ಅಂದು ಜಿಲ್ಲಾಧಿಕಾರಿಗಳ ಆದೇಶದಿಂದ ಲಾತೂರ್, ಧಾರಾಶಿವ ಜಿಲ್ಲೆಗಳಿಗೆ ಸ್ಥಳೀಯ ರಜೆ. ಊರುಗಳು ಖಾಲಿ. ಮರುದಿನದ ಮರಾಠಿ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಅದೇ ಮಾತು: ಅಘೋಷಿತ ಸಂಚಾರಬಂದಿ. ಹೊಲವಿಲ್ಲದ ಪ್ಯಾಟಿಯ ಮಾಸ್ತರು, ವಕೀಲ, ಸ್ಟೇಷನರಿ ಅಂಗಡಿಯವ, ಪಕ್ಕದ ಓಣಿಯ ಮುಸಲ್ಮಾನ ಗೆಳೆಯ, ಎಲ್ಲರಿಗೂ ಯಾರದಾದರೂ ಹೊಲದಿಂದ ಕರೆ ಬಂದಿರುತ್ತದೆ. ಕರೆ ಬರದವನು ಊರಲ್ಲಿ ಉಳಿದರೆ ಚಹಾ ಸಹ ಸಿಗದು.

2024ರ ಡಿಸೆಂಬರ್ 30, ಸೋಮವಾರ. ಪ್ರಬಂಧಕಾರರು ಚಹಾದ ಕಾಕಾನ ಹೊಲದ ಬದುವಿನ ಮೇಲೆ ಸ್ಟಾಪ್‌ವಾಚು ಹಿಡಿದು ನಿಂತರು. ಎರೆ ಭೂಮಿ. ಎದೆಯುದ್ದದ ಬಿಳಿಜೋಳ, ನಡುನಡುವೆ ಕುಸುಬೆಯ ಸಾಲು, ಆಚೆ ಹೂ ಕಾಯಿ ಎರಡೂ ಹೊತ್ತ ಕಡಲೆ, ಕಡಲೆಯ ಹುಳಿಗೆ ಒದ್ದೆಯಾದ ಧೋತರದ ಅಂಚು. ಕಾಕಾನ ಮಗ ತಲೆಯ ಮೇಲೆ ಕಂಬಳಿ ಮಡಿಚಿಟ್ಟು, ಅದರ ಮೇಲೆ ಅಂಬಲಿಯ ಬಿಂದಿಗೆ ಹೊತ್ತು ಬಂದ. ಅದನ್ನು ಆ ಕಡೆ ಮರಾಠಿಯವರೂ ‘ಬಿಂದಗಾ’ ಎಂದೇ ಅನ್ನುತ್ತಾರೆ. ಹೆಂಗಸರ ಬುಟ್ಟಿಗಳಲ್ಲಿ ಸಜ್ಜಿ ಉಂಡಿ, ಎಳ್ಳ ಹೋಳಿಗೆ, ಜೋಳದ ರೊಟ್ಟಿ. ದೊಡ್ಡ ಪಾತೆಲಿಯಲ್ಲಿ ಭಜ್ಜಿ: ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯೆ, ಗಜ್ಜರಿ, ಬಾರಿಕಾಯಿ, ಹುಣಸೆ, ಕಡಲೆಹಿಟ್ಟು, ಬಳ್ಳೊಳ್ಳಿ. ಎಣಿಸುತ್ತ ಹೋದ ಪ್ರಬಂಧಕಾರರನ್ನು ಮನೆಯೊಡತಿ ತಡೆದಳು: “ಎಣ್ಸಬ್ಯಾಡ್ರಿ ಅಣ್ಣಾವ್ರ, ದೃಷ್ಟಿ ಆಗ್ತದ.”

ಹೊಲದ ನಡುವೆ ಕಣಿಕೆಯ ಗುಡಿಸಲು. ಒಳಗೆ ಸುಣ್ಣ ಬಳಿದ ಕಲ್ಲುಗಳು, ಪಂಚಪಾಂಡವರು. ಈ ಗುಡಿಸಲಿಗೆ ಅಲ್ಲಿ ‘ಕೋಪ’ ಎನ್ನುತ್ತಾರೆ. ಪ್ರಬಂಧಕಾರರ ಕಣ್ಣು ಹೊಳೆಯಿತು. ಜಗತ್ತಿನ ಮನಶ್ಶಾಸ್ತ್ರಜ್ಞರು ಕೋಪದಿಂದ ಹೊರಬರಲು ಹೇಳುತ್ತಿರುವಾಗ, ಜನರೆಲ್ಲ ಕೈಮುಗಿದು ಕೋಪದೊಳಗೆ ಬಗ್ಗಿ ಹೋಗಿ ನಗುನಗುತ್ತ ಹೊರಬರುವುದು ಇಲ್ಲಿ ಮಾತ್ರ! ಒಂದು ಇಡೀ ಅಧ್ಯಾಯಕ್ಕೆ ಸಾಕಾದ ಸಾಮಗ್ರಿ. ಕೊಂಪೆ, ಕೊಪ್ಪ ಎಂಬ ಕನ್ನಡದ ಮಾತುಗಳೇನಾದರೂ ಇದರ ದಾಯಾದಿಗಳೋ ಎಂದು ಯಾರೋ ಕೇಳಿದ್ದಕ್ಕೆ, ಅಷ್ಟು ಸರಳ ವಿವರಣೆ ಪ್ರಬಂಧಕ್ಕೆ ಒಗ್ಗುವುದಿಲ್ಲ ಎಂದರು.

ಪೂಜೆಯಾದ ಮೇಲೆ ಕಾಕಾ ಅಂಬಲಿಯನ್ನೂ ಉಂಡಿಯ ಚೂರುಗಳನ್ನೂ ಹಿಡಿದು ಹೊಲ ಸುತ್ತಿದ. ನಮ್ಮಲ್ಲಿ ಚರಗ ಚೆಲ್ಲುವುದೆಂದರೆ ಇದೇ. ವಿಜಯಪುರದ ಕಡೆ ‘ಹುಲ್ಲುಲ್ಲಿಗೋ’ ಎಂದು ಕೂಗಿದರೆ, ಲಾತೂರ್ ಕಡೆ ‘ಹೋಲಗೆ’, ‘ಓಲಗೆ’ ಎಂದು ಶುರುವಾಗುವ ಕೂಗು. ಅಚ್ಚ ಮರಾಠಿ ಮಾತ್ರ ಬರುವ ಮನೆಗಳಲ್ಲೂ ಇದೇ ಕೂಗು. ಅರ್ಥ ಕೇಳಿದರೆ ‘ಕಾನಡಿ ಆಹೆ’ ಎನ್ನುತ್ತಾರೆ. ಕನ್ನಡದವರನ್ನು ಕೇಳಿದರೆ ‘ಹಿಂದಿನವ್ರು ಅಂತಿದ್ರು’ ಎನ್ನುತ್ತಾರೆ. ಹೊಲಕ್ಕೆ ಎಂದೋ, ಹೋಳಿಗೆ ಎಂದೋ, ಓಲೈಸುವುದೋ, ಹುಡುಕಿದಷ್ಟೂ ಜಾರುವ ಮಾತು. ಪ್ರಬಂಧಕಾರರು ಗಮನಿಸಿದ್ದು ಬೇರೆ. ಕೂಗುವವನು ಎದೆ ತುಂಬ ಎಳೆದುಕೊಂಡು, ಹತ್ತು ಹೆಜ್ಜೆ ನಡೆಯುವ ತನಕ ಸ್ವರ ಬಿಡುತ್ತ, ಮತ್ತೆ ನಿಂತು ಎಳೆದುಕೊಳ್ಳುತ್ತಾನೆ. ಸ್ಟಾಪ್‌ವಾಚು ನೋಡಿದರೆ ಬೆರ್ನಾರ್ಡಿಯ ಆರರ ಹತ್ತಿರ ಹತ್ತಿರ. ಉದ್ದ ಬಿಡುವ ಉಸಿರು, ಹಸಿರು, ನಡಿಗೆ, ಎಲ್ಲವೂ ಒಂದೇ ಸುತ್ತಿನಲ್ಲಿ. ಅವರು ಕಾಕಾನ ಬೆನ್ನು ಹತ್ತಿ ಓಡುತ್ತ, ಈ ಕ್ರಿಯೆಯಿಂದ ಮನಸ್ಸಿಗೆ ಶಾಂತಿ ಸಿಗುತ್ತದೆಯೇ ಎಂದು ಕೇಳಿದರು.

“ಮನಸಿಗಿ ಅಲ್ಲರಿ, ಭೂಮಿಗಿ,” ಎಂದ ಕಾಕಾ. “ವರ್ಸೆಲ್ಲಾ ಆಕಿ ಕಡಿಂದ ತಗೊಂತೀವಿ. ಕಸೀತೀವಿ, ಬೈತೀವಿ. ಇವತ್ತೊಂದಿನ ಆಕಿಗಿ ಉಣಸ್ಬೇಕಲ್ಲರಿ. ಆಕಿ ಸಿಟ್ಟಿದ್ರ ನಂದೇನ್ ಶಾಂತಿ?”

ಶಾಂತಿಯನ್ನು ಪ್ರಕೃತಿಯಿಂದ ಪಡೆಯುವುದೆಂಬ ಪೂರ್ವಪಕ್ಷ ಅಲ್ಲಿಗೆ ಕುಸಿಯಿತು. ಇವರು ಬಂದದ್ದು ಸಾಹುಕಾರನ ಮನೆಗೆ ಬುತ್ತಿ ಕಟ್ಟಿಕೊಂಡು ಬಂದಂತೆ. ಅವನು ಉಂಡು ಕೈ ತೊಳೆದರೆ, ಬಡ್ಡಿಯ ಮಾತು ನಾಳೆಗೆ. ದಿನವೂ ಕುರ್ಪಿ, ಕುಡಗೋಲು ಹಿಡಿದು ಬರುವವರು ಇವತ್ತು ಬರಿಗೈಯಲ್ಲಿ, ಹೆಂಡಿರು ಮಕ್ಕಳೊಂದಿಗೆ, ಬೀಗರಂತೆ ಬಂದಿದ್ದರು. ಸೋಯಾದ ಧಾರಣೆಯ ಮಾತು ಎರಡು ಸಲ ಬಂತು; ಎರಡು ಸಲವೂ ಯಾರೋ ಭಜ್ಜಿ ಬಡಿಸಿ ಬಾಯಿ ಮುಚ್ಚಿಸಿದರು.

ಗ್ರಂಥಾಧಾರವಿಲ್ಲದ ಮಾತು ಪ್ರಬಂಧದಲ್ಲಿ ನಿಲ್ಲದು. ಅದೂ ಸಿಕ್ಕಿತು, ಪಕ್ಕದ ಕಲ್ಯಾಣದಲ್ಲೇ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆದ ಸಂಸ್ಕೃತ ವಿಶ್ವಕೋಶದ ಹೆಸರೇ ‘ಮಾನಸೋಲ್ಲಾಸ’, ಮನಸ್ಸಿನ ಉಲ್ಲಾಸ. ಐದು ವಿಂಶತಿ, ನೂರು ಅಧ್ಯಾಯ. ಆನೆಯಿಂದ ಅಡುಗೆಯವರೆಗೆ ಆತ ಬಿಟ್ಟ ವಿಷಯವಿಲ್ಲ. ಕೊನೆಯ ಕ್ರೀಡಾವಿಂಶತಿಯಲ್ಲಿ ವನಕ್ರೀಡೆ, ಮರಳಿನ ಕ್ರೀಡೆ, ಬೆಳದಿಂಗಳ ಕ್ರೀಡೆಗಳ ನಡುವೆ ‘ಸಸ್ಯಕ್ರೀಡೆ’ ಎಂಬುದೊಂದಿದೆ, ಪೈರಿನ ನಡುವಿನ ವಿನೋದ. ಸರ್ವಜ್ಞನೆಂಬ ಬಿರುದಿನ ದೊರೆಯೂ ಬೆಳೆದ ಹೊಲ ಕಂಡರೆ ಸುಮ್ಮನಿರಲಾಗದೆ ಅದಕ್ಕೊಂದು ಅಧ್ಯಾಯ ಕೊಟ್ಟ ಎಂದ ಮೇಲೆ, ಸರ್ಟಿಫಿಕೇಟಿನ ‘ನಿಸರ್ಗಧ್ಯಾನ’ ಶಿಬಿರಗಳಿಗೆ ಒಂಬೈನೂರು ವರ್ಷ ತಡವಾಯಿತು.

ಅಂಬಲಿಯ ಬಗ್ಗೆ ಎರಡು ಮಾತು. ಮಜ್ಜಿಗೆಗೆ ಜೋಳದ ಹಿಟ್ಟು, ಜೀರಿಗೆ, ಬಳ್ಳೊಳ್ಳಿ. ಹಿಂದಿನ ದಿನವೇ ಕಲಸಿಟ್ಟು ಹುಳಿ ಬರಿಸಿದ್ದು. ಮೊದಲ ಗ್ಲಾಸಿಗೆ ಮೈ ತಂಪು. ಎರಡನೆಯದಕ್ಕೆ ಕಣ್ಣೆವೆ ಭಾರ. ಮೂರನೆಯದಕ್ಕೆ ಪ್ರಬಂಧಕಾರರಿಂದ ಉದ್ಗಾರ ಬಂತು. ಸಂಸ್ಕೃತದಲ್ಲಿ ಆ ಶಬ್ದಕ್ಕೆ ತೇಗು ಎಂಬ ಅರ್ಥವೂ ಇದೆ ಎಂಬುದನ್ನು ಅವರು ಉದಗೀರದ ಅಧ್ಯಾಯದಲ್ಲಿ ಬರೆಯಲು ಮರೆತಿದ್ದರು. ಸುತ್ತ ನೋಡಿದರೆ ಜೋಳದ ಸಾಲಿನ ನೆರಳಲ್ಲಿ ಅರ್ಧ ಊರು ಮಲಗಿದೆ. ಉಸಿರು ಎಣಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ ಎಂದು, ಹತ್ತಿರದಲ್ಲಿ ಅಂಗಾತ ಮಲಗಿದ್ದ ಮುತ್ಯಾನ ಎದೆಯ ಮೇಲೆ ಕಣ್ಣಿಟ್ಟು, ಒಂದು, ಎರಡು, ಮೂರು ಎನ್ನುತ್ತಿದ್ದಂತೆ ಜೇಬಿನೊಳಗಿನ ಮೊಬೈಲು ಗುಡಿಯ ಗಂಟೆ ಬಾರಿಸಿತು. ‘ಈಗ ಉಸಿರಾಡಿ’ ಎಂದಿತು.

ಮುತ್ಯಾ ಒಂದು ಕಣ್ಣು ತೆರೆದ. “ಯಾರ್ದಪ್ಪಾ ಫೋನು?”

“ಏನಿಲ್ಲ ಮುತ್ಯಾ, ಉಸರಾಡು ಅನ್ಲತ್ತದ,” ಎಂದ ಮೊಮ್ಮಗ.

“ಉಂಡು ಮಲ್ಗ್ಯಾನಂತ ಹೇಳದಕ್ಕ,” ಎಂದು ಮುತ್ಯಾ ಮಗ್ಗುಲು ಬದಲಿಸಿದ.

ಹೊತ್ತು ಇಳಿದ ಮೇಲೆ ಕುಳ್ಳಿನ ಬೆಂಕಿಯ ಮೇಲೆ ಮಣ್ಣಿನ ಕುಡಿಕೆಯಲ್ಲಿ ಹಾಲು ಇಟ್ಟರು. ಹಾಲು ಯಾವ ದಿಕ್ಕಿಗೆ ಉಕ್ಕುತ್ತದೋ ಆ ದಿಕ್ಕಿಗೆ ಮುಂದಿನ ವರ್ಷ ಚಲೋ ಎಂಬ ನಂಬಿಕೆ. ಎಲ್ಲರೂ ಸುತ್ತ ಕೂತು ಉಸಿರು ಹಿಡಿದರು. ಪ್ರಬಂಧದ ಪ್ರಕಾರ ನಿಲಂಗಾದಲ್ಲಿ ನಡೆಯಬೇಕಾದ ಕುಂಭಕ ಉಮರ್ಗಾದಲ್ಲೇ ನಡೆಯಿತು. ನೊರೆ ಏರಿತು, ನಿಂತಿತು, ಮತ್ತೆ ಏರಿತು, ಪೂರ್ವಕ್ಕೆ ಬಾಗಿ ಸುರಿಯಿತು.

“ಕರ್ನಾಟಕಕ್ಕ ಹೋತಲ್ರಪಾ,” ಎಂದ ಒಬ್ಬ.

“ಹೋಗ್ಲಿ ಬಿಡು, ಅಕ್ಕಾಗ ಅಲ್ಲೇ ಕೊಟ್ಟದ,” ಎಂದಳು ಮನೆಯೊಡತಿ.

ಪ್ರಬಂಧಕಾರರು ಇದನ್ನು ಬರೆದುಕೊಳ್ಳಲು ನೋಟುಬುಕ್ಕು ತೆರೆದರೆ, ಶ್ವಾಸಸಂಖ್ಯೆಯ ಕೋಷ್ಟಕದ ಮೇಲೆ ಅಂಬಲಿ ಚೆಲ್ಲಿ ಅಂಕಿಗಳೆಲ್ಲ ಒಂದಕ್ಕೊಂದು ಹರಿದಿದ್ದವು. ಊರಿಗೆ ಹೋಗುವ ಕಡೆಯ ಬಸ್ಸು ಆರೂಕಾಲಿಗೆ ಎಂದು ಬೆಳಿಗ್ಗೆ ಹೇಳಿದ್ದರು. ಈಗ ಆರೂ ಇಪ್ಪತ್ತು. ಗಾಬರಿಯಿಂದ ಎದ್ದು ಚಪ್ಪಲಿ ಹುಡುಕತೊಡಗಿದವರ ಕೈ ಹಿಡಿದು ಕಾಕಾ ಕೂಡ್ರಿಸಿದ. ಬಸ್ಸಿನ ಕಂಡಕ್ಟರು ಬೆಂಕಿಯ ಆಚೆ ಬದಿ ಕೂತು ಮತ್ತೊಂದು ಸಲ ಭಜ್ಜಿ ಹಾಕಿಸಿಕೊಳ್ಳುತ್ತಿದ್ದ.